ಬಾಗಿಲ ಪಕ್ಕದ ಬೆಂಚು

ತುಮಕೂರಿನಲ್ಲಿ ಆಡಿದ ಮಾತಿನ ಬರಹ ರೂಪ. ಮಾತನಾಡಿದವರ ಕೋರಿಕೆಯಂತೆ ಹೆಸರು ಕೊಟ್ಟಿಲ್ಲ.

ನನ್ನ ಹೆಸರು ಹೇಳುವುದಿಲ್ಲ. ಆಹ್ವಾನ ಪತ್ರಿಕೆಯಲ್ಲೂ ಹಾಕಬೇಡಿ ಅಂದಿದ್ದೆ, ಸಂಘಟಕರು ಪಾಪ ಒಪ್ಪಿಕೊಂಡರು. ನಾಚಿಕೆಯಿಂದ ಅಲ್ಲ. ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ನಾನು ಎಂಥ ಕುಡುಕ ಆಗಿದ್ದೆ ಅಂತ ಹೇಳುತ್ತಾರೆ. ಚರಂಡಿ ಪಕ್ಕ ಬಿದ್ದಿದ್ದವನನ್ನು ಎತ್ತಿ ಮನೆಗೆ ತಂದು ಹಾಕಿದವರೇ ಅವರು. ಅಲ್ಲಿ ಗುಟ್ಟು ಏನೂ ಉಳಿದಿಲ್ಲ.

ಆದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ನಾವು ಎ.ಎ. ಅಂತ ಕರೆಯುವುದು, ಕುಡಿತ ಬಿಡಬೇಕು ಅನ್ನುವವರೇ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಕೂಟ, ಅಲ್ಲಿ ಒಂದು ಪದ್ಧತಿ ಇದೆ. ಪತ್ರಿಕೆ, ರೇಡಿಯೋ, ಸಿನಿಮಾ, ಟಿವಿಯಲ್ಲಿ ಸದಸ್ಯರು ಹೆಸರು, ಮುಖ ತೋರಿಸಿಕೊಳ್ಳುವುದಿಲ್ಲ. ಇವತ್ತು ಆಡಿದ್ದು ನಾಳೆ ಅಚ್ಚಾಗುತ್ತದೆ ಅಂದರು, ಅದಕ್ಕೆ ಈ ಎಚ್ಚರ. ಹೊಸಬರಿಗೆ ಧೈರ್ಯ ಬರಲಿ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ಅರ್ಥವಾಗಲು ಸಮಯ ಹಿಡಿಯಿತು. ಇಲ್ಲಿ ನಾನು ಹೆಸರು ಹೇಳಿ, ಶಾಲು ಹೊದಿಸಿಕೊಂಡು, ಮುಂದಿನ ತಿಂಗಳು ಬಾರಿನಲ್ಲಿ ಸಿಕ್ಕರೆ? "ನೋಡಪ್ಪಾ, ಆ ಮೀಟಿಂಗಿನ ಹಣೆಬರಹ ಇಷ್ಟೇ" ಅಂತ ಯಾರೋ ಒಬ್ಬ ಬರದೇ ಉಳಿದುಬಿಡುತ್ತಾನೆ. ಹಾಗಾಗಿ ನಾನು ಎ.ಎ. ಪರವಾಗಿ ಮಾತಾಡುತ್ತಿಲ್ಲ. ಆ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ನನಗೆ ಆದದ್ದನ್ನು ಹೇಳುತ್ತೇನೆ, ಅಷ್ಟೇ.

ನಾನು ಟರ್ನರ್, ಲೇತ್ ಮಷಿನ್ನಿನಲ್ಲಿ ಕಬ್ಬಿಣ ಕಡೆಯುವವನು. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ಲೇತ್ ಮೇಲೆ ನಿಂತವನು. ನಮ್ಮ ಕೆಲಸಕ್ಕೆ ಕಣ್ಣು, ಕೈ ಎರಡೂ ಬೇಕು. ವರ್ನಿಯರ್ ಅನ್ನುವ ಅಳತೆ ಸಾಧನದಲ್ಲಿ 0.02 ಮಿಲಿಮೀಟರ್ ಓದಬೇಕು. ಕುಡಿತ ಜೋರಾದ ಮೇಲೆ ಬೆಳಿಗ್ಗೆ ವರ್ನಿಯರನ್ನು ಜಾಬಿಗೆ ಹಿಡಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಟಕಟಕ ಅಂತ ಸದ್ದು ಬರುತ್ತಿತ್ತು. ಅಷ್ಟು ನಡುಕ. ಪಕ್ಕದ ಮಷಿನ್ ಹುಡುಗ ಬಂದು ರೀಡಿಂಗ್ ನೋಡಿ ಹೇಳುತ್ತಿದ್ದ. ಅವನಿಗೆ ಸಂಜೆ ಬೋಂಡ ಕೊಡಿಸುತ್ತಿದ್ದೆ, ಬಾಯಿ ಮುಚ್ಚಿಕೊಂಡಿರಲಿ ಅಂತ. ಒಂದು ನೈಂಟಿ ಒಳಗೆ ಹೋದರೆ ಕೈ ನಿಲ್ಲುತ್ತಿತ್ತು. ಹಾಗಾಗಿ ನಾನು ಕೆಲಸಕ್ಕೋಸ್ಕರ ಕುಡಿಯುತ್ತಿದ್ದೇನೆ ಅಂತ ನಂಬಿಕೊಂಡಿದ್ದೆ. ನಗಬೇಡಿ, ನಿಜವಾಗಿ ನಂಬಿದ್ದೆ.

ಒಂದು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಚೀಟಿಯಲ್ಲಿ ಎ.ಎ. ಮೀಟಿಂಗಿನ ವಿಳಾಸ ಬರೆದುಕೊಟ್ಟರು. ಮಂಗಳವಾರ ಸಂಜೆ ಏಳು ಗಂಟೆ, ಒಂದು ಶಾಲೆಯ ಕೊಠಡಿ. ಹೋದೆ. ಗೇಟಿನ ತನಕ ಹೋದೆ. ಎದುರಿಗೆ ಟೀ ಅಂಗಡಿ ಇತ್ತು, ಅಲ್ಲಿ ನಿಂತು ಯಾರು ಯಾರು ಒಳಗೆ ಹೋಗುತ್ತಾರೆ ಅಂತ ನೋಡಿದೆ. ಕುಡುಕರು ಬರುತ್ತಾರೆ ಅಂತ ಕಾದರೆ ಇಸ್ತ್ರಿ ಶರಟು ಹಾಕಿದವರು, ಟಿಫನ್ ಬಾಕ್ಸ್ ಹಿಡಿದವರು, ಒಬ್ಬರು ಛತ್ರಿ ಹಿಡಿದ ಹಿರಿಯರು. ಇದು ಪೇರೆಂಟ್ಸ್ ಮೀಟಿಂಗ್ ಇರಬೇಕು ಅಂದುಕೊಂಡು ವಾಪಸ್ ಬಂದೆ. ಬರುವಾಗ ದಾರಿಯಲ್ಲಿ ಕುಡಿದೆ. ಎರಡನೇ ವಾರವೂ ಅದೇ ಕಥೆ.

ಮೂರನೇ ವಾರ ಒಳಗಿನಿಂದ ಒಬ್ಬರು ಟೀ ಅಂಗಡಿಗೆ ಬಂದರು. ಹದಿನಾಲ್ಕು ಟೀ ಹೇಳಿದರು. ಫ್ಲಾಸ್ಕು, ಪೇಪರ್ ಲೋಟ, ಬಿಸ್ಕತ್ತು ಎಲ್ಲ ಒಬ್ಬರ ಕೈಯಲ್ಲಿ ಆಗಲಿಲ್ಲ. ನನ್ನ ಕಡೆ ತಿರುಗಿ, "ಒಂದು ಕೈ ಕೊಡ್ತೀರಾ?" ಅಂದರು. ನಾನು ಫ್ಲಾಸ್ಕು ಹಿಡಿದುಕೊಂಡು ಅವರ ಹಿಂದೆ ಹೋದೆ. ಎ.ಎ.ಗೆ ನಾನು ಸೇರಿದ್ದು ಹೀಗೆ, ಟೀ ಹೊತ್ತುಕೊಂಡು.

ಒಳಗೆ ಐದನೇ ಕ್ಲಾಸಿನ ಮಕ್ಕಳ ಬೆಂಚುಗಳು. ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಗೋಡೆಯ ಮೇಲೆ ಮಗ್ಗಿ. ನಾನು ಬಾಗಿಲ ಪಕ್ಕದ ಬೆಂಚು ಹಿಡಿದೆ, ಎದ್ದು ಹೋಗಲು ಸಲೀಸು ಅಂತ. ಇನ್ನೇನು ಪ್ರವಚನ ಶುರುವಾಗುತ್ತದೆ, ಹೆಂಡತಿ ಮಕ್ಕಳ ಮುಖ ನೋಡಿ ಬಿಡಯ್ಯ ಅನ್ನುತ್ತಾರೆ ಅಂದುಕೊಂಡೆ. ಅದನ್ನು ನನ್ನ ಮಾವ, ಮೇಸ್ತ್ರಿ, ಊರಿನ ಶ್ಯಾನುಭೋಗರು ಎಲ್ಲರೂ ಹೇಳಿ ಆಗಿತ್ತು. ಇಲ್ಲಿ ಒಬ್ಬರೂ ಹೇಳಲಿಲ್ಲ. ಛತ್ರಿ ತಂದಿದ್ದ ಹಿರಿಯರು ಎದ್ದು ತಮ್ಮ ಹೆಸರು ಹೇಳಿ, ನಾನೊಬ್ಬ ಮದ್ಯವ್ಯಸನಿ ಅಂದರು. ಆಮೇಲೆ ಒಂದು ಕಥೆ. ಬಾಟ್ಲಿಯನ್ನು ಅವರು ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕಿನಲ್ಲಿ ಮುಳುಗಿಸಿ ಇಡುತ್ತಿದ್ದರಂತೆ. ತಣ್ಣಗೂ ಇರುತ್ತದೆ, ಗುಟ್ಟಾಗಿಯೂ ಇರುತ್ತದೆ. ಒಂದು ದಿನ ನೀರು ಸರಿಯಾಗಿ ಬರುತ್ತಿಲ್ಲ ಅಂತ ಹೆಂಡತಿ ಪ್ಲಂಬರನ್ನು ಕರೆಸಿದರು. ಪ್ಲಂಬರ್ ಮುಚ್ಚಳ ತೆಗೆದು, ಬಾಟ್ಲಿ ಎತ್ತಿ, "ಅಮ್ಮಾ, ಇದು ತುಂಬಿದೆ, ಏನ್ಮಾಡ್ಲಿ?" ಅಂದನಂತೆ.

ಇಡೀ ಕೊಠಡಿ ನಕ್ಕಿತು. ನಾನೂ ನಕ್ಕೆ. ನಕ್ಕು, ಗಪ್ ಅಂತ ಸುಮ್ಮನಾದೆ. ಯಾಕೆಂದರೆ ನನ್ನ ಬಾಟ್ಲಿ ಇದ್ದದ್ದು ದೇವರ ಮನೆಯಲ್ಲಿ, ದೀಪದ ಎಣ್ಣೆ ಬಾಟ್ಲಿಗಳ ಸಾಲಿನಲ್ಲಿ. ಎಣ್ಣೆ ಎಣ್ಣೆಯ ಜೊತೆಗೇ ಇರಲಿ ಅಂತ. ಇದನ್ನು ಜೀವಮಾನದಲ್ಲಿ ಯಾರಿಗೂ ಹೇಳುವುದಿಲ್ಲ ಅಂದುಕೊಂಡಿದ್ದೆ. ಇಲ್ಲಿ ಒಬ್ಬ ಅಜ್ಜ ಅಂಥದ್ದನ್ನೇ ಬಿಸ್ಕತ್ತು ತಿನ್ನುತ್ತಾ ಹೇಳುತ್ತಿದ್ದಾನೆ.

ನನ್ನ ಸರದಿ ಬಂತು. ಹೆಸರು ಹೇಳಿ, "ಸ್ನೇಹಿತನ ಜೊತೆ ಬಂದಿದ್ದೀನಿ" ಅಂದೆ. ಯಾವ ಸ್ನೇಹಿತ ಅಂತ ಯಾರೂ ಕೇಳಲಿಲ್ಲ.

ಮೀಟಿಂಗಿನಲ್ಲಿ ನಡೆಯುವುದು ಇಷ್ಟೇ. ಒಂದು, ಒಂದೂವರೆ ಗಂಟೆ. ಒಬ್ಬರು ನಡೆಸಿಕೊಡುತ್ತಾರೆ, ಮುಂದಿನ ಸಲ ಇನ್ನೊಬ್ಬರು. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು, ಮಧ್ಯೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಮಾತಾಡಲು ಇಷ್ಟ ಇಲ್ಲದಿದ್ದರೆ ಸುಮ್ನೆ ಕೂರಬಹುದು. ಹಾಜರಿ ಪುಸ್ತಕ ಇಲ್ಲ, ಫೀಸಿಲ್ಲ. ಸೇರಲು ಇರುವುದು ಒಂದೇ ಷರತ್ತು: ಕುಡಿತ ಬಿಡಬೇಕು ಅನ್ನುವ ಆಸೆ. ಬಿಟ್ಟಿರಬೇಕು ಅಂತಲೂ ಇಲ್ಲ. ಕೊನೆಗೆ ಒಂದು ಚೀಲ ಸುತ್ತು ಬರುತ್ತದೆ, ಸದಸ್ಯರು ಹತ್ತೋ ಇಪ್ಪತ್ತೋ ಹಾಕುತ್ತಾರೆ, ಟೀಗೆ, ಬಾಡಿಗೆಗೆ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಯಾರಾದರೂ "ಇಷ್ಟು ಸಾವಿರ ಕಟ್ಟಿ, ಗ್ಯಾರಂಟಿ ಬಿಡಿಸ್ತೀವಿ" ಅಂದರೆ ಅದು ಇನ್ನೇನೋ, ಎ.ಎ. ಅಲ್ಲ.

ಇದು ಹುಟ್ಟಿದ ಕಥೆ ಹೇಳಲೇಬೇಕು. 1935ರ ಮೇ ತಿಂಗಳು, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರು. ಬಿಲ್ ವಿಲ್ಸನ್ ಅಂತ ನ್ಯೂಯಾರ್ಕಿನ ಷೇರು ದಲ್ಲಾಳಿ ವ್ಯವಹಾರಕ್ಕೆ ಅಂತ ಬಂದಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತು. ಮೇಫ್ಲವರ್ ಹೋಟೆಲ್ಲಿನಲ್ಲಿ ಒಬ್ಬನೇ ನಿಂತಿದ್ದಾನೆ, ಜೇಬು ಬಹುಪಾಲು ಖಾಲಿ. ಒಂದು ಕಡೆ ಬಾರು, ನಗುವಿನ ಸದ್ದು. ಇನ್ನೊಂದು ಕಡೆ ಫೋನು. ಅವನು ಫೋನಿನ ಕಡೆ ಹೋದ. ಚರ್ಚುಗಳ ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನ್ ಮಾಡಿದ. ಇಲ್ಲಿ ಗಮನಿಸಿ. ಅವನು ಕೇಳಿದ್ದು ಡಾಕ್ಟರನ್ನಲ್ಲ, ಬುದ್ಧಿ ಹೇಳುವವರನ್ನೂ ಅಲ್ಲ. ನನಗೆ ಮಾತಾಡಲು ಇನ್ನೊಬ್ಬ ಕುಡುಕ ಬೇಕು ಅಂದ.

ಅವರಿಂದ ಇವರಿಗೆ, ಇವರಿಂದ ಇನ್ನೊಬ್ಬರಿಗೆ ಹೋಗಿ ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಸರ್ಜನ್. ಮಾರನೇ ದಿನ ಸಂಜೆ ಐದಕ್ಕೆ ಭೇಟಿ. ಹದಿನೈದು ನಿಮಿಷ ಮಾತ್ರ ಅಂತ ಹೆಂಡತಿಗೆ ಹೇಳಿ ಹೋದ ಬಾಬ್ ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಅವರಿಗೆ ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿದ. ಇಷ್ಟು ಹೊತ್ತಿಗೆ ಸಿನಿಮಾ ಆಗಿದ್ದರೆ ಬಾಬ್ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಡಾಕ್ಟರುಗಳ ಸಮ್ಮೇಳನಕ್ಕೆ ಅಂತ ರೈಲು ಹತ್ತಿ, ದಾರಿಯಿಂದಲೇ ಕುಡಿಯಲು ಶುರು ಮಾಡಿದರು. ವಾಪಸ್ ಬಂದಾಗ ಒಂದು ಆಪರೇಷನ್ ಬಾಕಿ ಇತ್ತು. ಕೈ ನಡುಗುತ್ತಿತ್ತು. ಆ ಬೆಳಿಗ್ಗೆ ಕೈ ನಿಲ್ಲಲಿ ಅಂತ ಬಿಲ್ ತಾನೇ ಅವರಿಗೆ ಒಂದು ಬಾಟ್ಲಿ ಬಿಯರ್ ಕೊಟ್ಟ. ಅದೇ ಬಾಬ್ ಅವರ ಕೊನೆಯ ಕುಡಿತ. 1935ರ ಜೂನ್ 10. ಎ.ಎ. ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯುವುದು ಆ ದಿನವನ್ನೇ.

ಈ ಕಥೆ ಕೇಳಿದಾಗ ನನಗೆ ಕಣ್ಣಿಗೆ ಕಟ್ಟಿದ್ದು ಆ ಕೈ. ಸರ್ಜನ್ ಕೈಯೂ ನಡುಗುತ್ತದೆ, ಟರ್ನರ್ ಕೈಯೂ ನಡುಗುತ್ತದೆ.

ಕೈ ನಡುಕದ ಮಾತು ಬಂದಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ದಿನಾ ಜಾಸ್ತಿ ಕುಡಿಯುವವರು ಮೀಟಿಂಗಿನ ಮಾತು ಕೇಳಿ ಹುರುಪಿನಲ್ಲಿ ಇವತ್ತೇ ಬಿಟ್ಟೆ ಅಂತ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರಬೇಡಿ. ನಾನು ಹಾಗೆ ಮಾಡಿದವನು. ಎರಡನೇ ದಿನ ಫಿಟ್ಸ್ ಬಂತು, ನಾಲಿಗೆ ಕಚ್ಚಿಕೊಂಡೆ. ಕುಡಿತಕ್ಕೆ ಒಗ್ಗಿದ ಮೆದುಳಿಗೆ ಥಟ್ಟನೆ ನಿಲ್ಲಿಸಿದರೆ ತಡೆಯುವುದಿಲ್ಲ. ಮೊದಲು ನಡುಕ, ಬೆವರು, ನಿದ್ದೆ ಇಲ್ಲ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಕೇಳಿಸುತ್ತದೆ, ಮೈಮೇಲೆ ಹುಳ ಹರಿದ ಹಾಗೆ ಆಗುತ್ತದೆ, ಹಗಲೋ ರಾತ್ರಿಯೋ ತಿಳಿಯುವುದಿಲ್ಲ. ಇದಕ್ಕೆ ನಮ್ಮ ಕಡೆ ಗಾಳಿ ಹಿಡಿದಿದೆ ಅಂತ ನಿಂಬೆಹಣ್ಣು ಇಳಿ ತೆಗೆಯುತ್ತಾರೆ. ಅದು ಗಾಳಿಯಲ್ಲ, ಪ್ರಾಣಕ್ಕೇ ಅಪಾಯ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2020ರ ಲಾಕ್‌ಡೌನ್ ನೆನಪಿದೆಯಲ್ಲ? ಮಾರ್ಚ್ ಕೊನೆಯಲ್ಲಿ ಅಂಗಡಿ ಮುಚ್ಚಿ, ಮೇ 4ಕ್ಕೆ ತೆರೆದಾಗ ಮೈಲಿಗಟ್ಟಲೆ ಕ್ಯೂ ನೋಡಿ ಎಲ್ಲರೂ ನಕ್ಕರು. ಆ ನಡುವಿನ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ಫಿಟ್ಸ್, ಭ್ರಮೆಯ ಕೇಸುಗಳು ಜಾಸ್ತಿ ಬಂದವು. ಆದ್ದರಿಂದ ಮೊದಲು ಡಾಕ್ಟರು. ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್, ಒಂದು ವಾರದ ನಿಗಾ. ಅದರ ಜೊತೆಗೇ ಮೀಟಿಂಗು. ಎರಡಕ್ಕೂ ಜಗಳ ಇಲ್ಲ. ಮೀಟಿಂಗಿಗೆ ಬಂದೆ ಅಂತ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸು ಅಂತ ಯಾವ ಸದಸ್ಯ ಹೇಳಿದರೂ ಕೇಳಬೇಡಿ. ಅದು ಅವನ ಕೆಲಸ ಅಲ್ಲ.

ಇನ್ನು, ಹುಡುಕುವುದು ಹೇಗೆ? ಎ.ಎ. ಭಾರತಕ್ಕೆ ಬಂದದ್ದು 1957ರಲ್ಲಿ. ಈಗ ಅದರ ವೆಬ್‌ಸೈಟಿನಲ್ಲಿ ಊರುವಾರು ಪಟ್ಟಿ ಇದೆ, ಫೋನ್ ನಂಬರೂ ಇದೆ. ಫೋನ್ ಎತ್ತುವವರು ಸಾಮಾನ್ಯವಾಗಿ ಸದಸ್ಯರೇ. ಬೆಂಗಳೂರಿನಲ್ಲಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಕೇಳಬಹುದು. ಸರ್ಕಾರದ್ದೇ ಆದ 14446 ವ್ಯಸನಮುಕ್ತಿ ಸಹಾಯವಾಣಿ ಇದೆ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು. ಹೋಗುವ ಮೊದಲು ಒಂದು ಫೋನ್ ಮಾಡಿ, ಜಾಗ ಬದಲಾಗಿರುತ್ತದೆ. ಪಟ್ಟಿಯಲ್ಲಿ ಓಪನ್, ಕ್ಲೋಸ್ಡ್ ಅಂತ ಇರುತ್ತದೆ. ಓಪನ್‌ಗೆ ಮನೆಯವರು, ವಿದ್ಯಾರ್ಥಿಗಳು ಯಾರು ಬೇಕಾದರೂ ಬಂದು ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಭಾಷೆ. ನಮ್ಮ ವರ್ಕ್‌ಶಾಪಿನ ಒಬ್ಬ ವೆಲ್ಡರನ್ನು ನಾನೇ ಕಳಿಸಿದ್ದೆ. ಅವನ ಮನೆಗೆ ಹತ್ತಿರ ಅಂತ ಆರಿಸಿದೆ. ಅದು ಇಂಗ್ಲಿಷ್ ಮೀಟಿಂಗ್. ಪಾಪ, ಒಂದು ಗಂಟೆ ಎಲ್ಲರೂ ನಗುವಾಗ ನಕ್ಕು, ಚಪ್ಪಾಳೆ ತಟ್ಟುವಾಗ ತಟ್ಟಿ ಬಂದ. "ಒಳ್ಳೇ ಜನ ಅಣ್ಣ, ಆದ್ರೆ ನಮ್ಮಂಥೋರಿಗಲ್ಲ" ಅಂದ. ಮತ್ತೆ ಹೋಗಲಿಲ್ಲ. ತಪ್ಪು ನನ್ನದು. ಎರಡು ಬಸ್ ಬದಲಾಯಿಸಿದರೂ ಪರವಾಗಿಲ್ಲ, ನಿಮ್ಮ ನಾಲಿಗೆ ಆಡುವ ಭಾಷೆಯ ಮೀಟಿಂಗಿಗೇ ಹೋಗಿ. ಕಣ್ಣೀರು ಬರುವಾಗ ಯಾರೂ ಅನುವಾದ ಮಾಡಿಕೊಂಡು ಅಳುವುದಿಲ್ಲ, ಅಲ್ವಾ?

ಒಂದು ಮೀಟಿಂಗ್ ಹಿಡಿಸದಿದ್ದರೆ ಇನ್ನೊಂದು ನೋಡಿ. ಒಂದೊಂದು ಗುಂಪಿಗೆ ಒಂದೊಂದು ಗುಣ. ಹೆಂಗಸರಿಗೆ ಇದು ಇನ್ನೂ ಕಷ್ಟ. ಗಂಡಸು ಕುಡಿದರೆ "ಏನೋ ಕಷ್ಟ ಇರ್ಬೇಕು" ಅನ್ನುವ ಜನ ಹೆಂಗಸಿಗೆ ಏನು ಅನ್ನುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ಹೆಂಗಸರದ್ದೇ ಮೀಟಿಂಗುಗಳೂ ಇವೆ, ಆನ್‌ಲೈನಿನಲ್ಲಿ ಕ್ಯಾಮೆರಾ ಆಫ್ ಮಾಡಿ ಕೇಳಬಹುದು. ಲಾಕ್‌ಡೌನಿನಲ್ಲಿ ಶುರುವಾದ ಆನ್‌ಲೈನ್ ಕೂಟಗಳು ಹಲವು ಇನ್ನೂ ನಡೆಯುತ್ತಿವೆ. ಮಸ್ಕತ್ತಿನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗನೊಬ್ಬ ಬರುತ್ತಾನೆ. ಇಲ್ಲಿ ಎಂಟೂವರೆ ಅಂದರೆ ಅವನಿಗೆ ಏಳು. ರೂಮಿನಲ್ಲಿ ಉಳಿದವರು ಅಡುಗೆ ಮಾಡುತ್ತಿರುತ್ತಾರೆ, ಒಗ್ಗರಣೆ ಸದ್ದು ನಮಗೂ ಕೇಳಿಸುತ್ತದೆ.

ಹಳ್ಳಿಯ ವಿಷಯ ಬೇರೆ. ಅಲ್ಲಿ ಅನಾಮಧೇಯ ಅನ್ನುವ ಮಾತೇ ತಮಾಷೆ. ನಿಮ್ಮಲ್ಲಿ ಹಲವರಿಗೆ ಧರ್ಮಸ್ಥಳದ ಮದ್ಯವರ್ಜನ ಶಿಬಿರ ಗೊತ್ತು. ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆ ಸೇರಿ ಊರೂರಿನಲ್ಲಿ ನಡೆಸುವುದು. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಸುಮಾರು ಒಂದು ವಾರ ಅಲ್ಲೇ ವಾಸ, ಯೋಗ, ಭಜನೆ, ಆಪ್ತ ಸಲಹೆ, ಮನೆಯವರನ್ನೂ ಕರೆಸುತ್ತಾರೆ. ನಾನು ಮೊದಲು ಮೂಗು ಮುರಿದಿದ್ದೆ. ಊರಿಗೆಲ್ಲ ಗೊತ್ತಾಗುವ ಹಾಗೆ ಬಿಡಿಸುವುದು ಎಂಥದ್ದು ಅಂತ. ಆಮೇಲೆ ನನ್ನ ತಂಗಿ ಗಂಡ ಒಂದಕ್ಕೆ ಹೋಗಿ ಬಂದ. ಅವನನ್ನು ಉಳಿಸಿದ್ದು ಆ ಒಂದು ವಾರ ಅಲ್ಲ. ಶಿಬಿರ ಮುಗಿದ ಮೇಲಿನ ನವಜೀವನ ಸಮಿತಿ. ಬಿಟ್ಟವರೇ ಸೇರಿ ಕೂರುತ್ತಾರೆ, ಒಬ್ಬ ಬರದಿದ್ದರೆ ಇನ್ನೊಬ್ಬ ಅವನ ಹೊಲಕ್ಕೇ ಹೋಗಿ ಕರೆಯುತ್ತಾನೆ. ನೂರು ದಿನ ಆದಾಗ ಶತದಿನೋತ್ಸವ. ಅಲ್ಲಿ ಊರಿಗೆಲ್ಲ ಗೊತ್ತಿರುವುದೇ ಬೇಲಿಯಾಗುತ್ತದೆ. ಅಂಗಡಿಯವನೇ "ನೀವು ಬಿಟ್ಟಿದ್ದೀರಲ್ಲ ಗೌಡ್ರೇ" ಅಂತ ಹಿಂದಕ್ಕೆ ಕಳಿಸುತ್ತಾನೆ. ನನ್ನ ಅಭಿಪ್ರಾಯ ಕೇಳಿದರೆ, ಶಿಬಿರಕ್ಕೆ ಹೋಗಿ ಸಮಿತಿಗೆ ಹೋಗದವನು ಬಿತ್ತಿ ಬಂದು ನೀರು ಹಾಯಿಸದವನು.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಕೂಟ ಇದೆ. 1951ರಲ್ಲಿ ಶುರು ಮಾಡಿದವರಲ್ಲಿ ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ ಒಬ್ಬರು. ನನ್ನ ಹೆಂಡತಿ ಅಲ್ಲಿಗೆ ಹೋಗಲು ಶುರು ಮಾಡಿದ್ದು ನಾನು ಬಿಡುವುದಕ್ಕೂ ಮೊದಲು. ಅಲ್ಲಿಯವರೆಗೆ ನಾನು ಏಳಲಾಗದ ದಿನ ಮೇಸ್ತ್ರಿಗೆ ಫೋನ್ ಮಾಡಿ "ಅವ್ರಿಗೆ ಜ್ವರ" ಅನ್ನುತ್ತಿದ್ದವಳು ಅವಳೇ. ಒಂದು ಸೋಮವಾರ ಫೋನನ್ನು ನನ್ನ ಕೈಗೆ ಕೊಟ್ಟು, "ನೀವೇ ಹೇಳಿ" ಅಂದು ಅಡುಗೆಮನೆಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಫೋನು ಹಿಡಿದು ಕೂತಿದ್ದು ನನಗೆ ಇವತ್ತಿಗೂ ಮರೆತಿಲ್ಲ.

ದೇವರ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತಿದೆ, ಆದರೆ ನೀನು ತಿಳಿದುಕೊಂಡ ಹಾಗಿನ ದೇವರು ಅಂತ ಬಿಟ್ಟಿದ್ದಾರೆ. ನಮ್ಮ ಗುಂಪಿನಲ್ಲಿ ಐದು ಹೊತ್ತು ನಮಾಜು ಮಾಡುವವರಿದ್ದಾರೆ, ಇಷ್ಟಲಿಂಗ ಪೂಜೆ ಮಾಡುವವರಿದ್ದಾರೆ, ಒಬ್ಬರು ಪಕ್ಕಾ ನಾಸ್ತಿಕರು. ಅವರು "ನಂಗೆ ಈ ಬೆಂಚೇ ದೇವರು" ಅನ್ನುತ್ತಾರೆ. ನಡೆಯುತ್ತಿದೆ.

ಇದೆಲ್ಲ ನಿಜವಾಗಿ ಕೆಲಸ ಮಾಡುತ್ತದಾ? ಚಿಕಿತ್ಸೆಗಳ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಅನ್ನುವ ಸಂಸ್ಥೆ 2020ರಲ್ಲಿ ಇಪ್ಪತ್ತೇಳು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು, ಹತ್ತು ಸಾವಿರಕ್ಕೂ ಜಾಸ್ತಿ ಜನರದ್ದು. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ, ಎ.ಎ. ದಾರಿಗೆ ವ್ಯವಸ್ಥಿತವಾಗಿ ಜೋಡಿಸುವ ಚಿಕಿತ್ಸೆ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಒಂದು ಕೈ ಮೇಲೆಯೇ ಇತ್ತು. ಎಲ್ಲರಿಗೂ ಹೊಂದುತ್ತದೆ ಅಂತ ಅಲ್ಲ. ಆದರೆ ನಮ್ಮ ದೇಶದ ತೊಂದರೆ ಯಾವುದು ಒಳ್ಳೆಯದು ಅನ್ನುವುದಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಏಮ್ಸ್ ಸಮೀಕ್ಷೆಯ ಪ್ರಕಾರ, ಕುಡಿತಕ್ಕೆ ದಾಸರಾದ ಮೂವತ್ತೆಂಟು ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ ಮೂವತ್ತೇಳು ಜನ ಆ ಟೀ ಅಂಗಡಿಯಲ್ಲೇ ನಿಂತಿದ್ದಾರೆ.

ಹೊಸಬರಿಗೆ ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಮಾಡಿ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಒಬ್ಬರು "ನೈಂಟಿ ಇನ್ ನೈಂಟಿ" ಅಂದಾಗ ನಾನು ಹೆದರಿದೆ. ನನಗೆ ನೈಂಟಿ ಅಂದರೆ ಗೊತ್ತಿದ್ದದ್ದು ಒಂದೇ ಅರ್ಥ. ಅಷ್ಟು ಮಾಡಲು ನನ್ನಿಂದ ಆಗಲಿಲ್ಲ, ಶಿಫ್ಟು ಬಿಡಲಿಲ್ಲ. ವಾರಕ್ಕೆ ಮೂರು ಮಾಡಿದೆ. ಏಳು ತಿಂಗಳು ಚೆನ್ನಾಗಿತ್ತು.

ಆಮೇಲೆ ಬೀಗರೂಟ. ನಮ್ಮ ಕಡೆ ಬೀಗರೂಟ ಅಂದರೆ ನಿಮಗೆ ಗೊತ್ತಲ್ಲ, ಮಟನ್ ಒಂದು ಕಡೆ, ಶಾಮಿಯಾನದ ಹಿಂದೆ ಇನ್ನೊಂದು ಕಡೆ. ಬೆಳಿಗ್ಗೆಯಿಂದ ಓಡಾಡಿ ಹೊಟ್ಟೆ ಹಸಿದಿತ್ತು, ಅಳಿಯನ ಕಡೆಯವರ ಮೇಲೆ ಸಿಟ್ಟೂ ಇತ್ತು. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕು ಬಂದಾಗ ಹುಷಾರು ಅಂತ ಮೀಟಿಂಗಿನಲ್ಲಿ ನೂರು ಸಲ ಕೇಳಿದ್ದೆ. ನಾಲ್ಕೂ ಒಟ್ಟಿಗೆ ಬಂದಿದ್ದವು. "ಒಂದು ಹಾಕಪ್ಪ, ಮಗಳ ಮದುವೆ" ಅಂದರು. ಹಾಕಿದೆ. ಅದು ಹನ್ನೊಂದು ದಿನ ನಡೆಯಿತು.

ವಾಪಸ್ ಹೋಗುವುದು ಮೊದಲ ಸಲ ಹೋಗಿದ್ದಕ್ಕಿಂತ ಕಷ್ಟ. ಅವತ್ತು ಯಾರಿಗೂ ನಾನು ಗೊತ್ತಿರಲಿಲ್ಲ, ಈಗ ಎಲ್ಲರಿಗೂ ಗೊತ್ತು. ಮತ್ತೆ ಟೀ ಅಂಗಡಿಯಲ್ಲಿ ನಿಂತೆ. ಕೊನೆಗೆ ಒಳಗೆ ಹೋಗಿ ಅದೇ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತೆ. ಛತ್ರಿ ಅಜ್ಜ ಬಂದು ಪಕ್ಕದಲ್ಲಿ ಕೂತು ಟೀ ಕೊಟ್ಟರು. ಎಷ್ಟು ದಿನ ಅಂತ ಕೇಳಲಿಲ್ಲ. ನಾನೇ ಎದ್ದು, ಇವತ್ತು ನನಗೆ ಒಂದನೇ ದಿನ ಅಂದೆ. ಈಗ ಹನ್ನೊಂದು ವರ್ಷ ಆಗಿದೆ. ಛತ್ರಿ ಅಜ್ಜ ಈಗಿಲ್ಲ. ಹೋಗುವಾಗ ಅವರು ಬಿಟ್ಟು ಇಪ್ಪತ್ತಾರು ವರ್ಷ ಆಗಿತ್ತು.

ಪ್ರಶ್ನೆಗಳಿಗೆ ಸಮಯ ಇದೆ ಅಂದರು. ಮೂರನೇ ಸಾಲಿನಲ್ಲಿ ಅಮ್ಮ ಕೇಳಿದರು, ನನ್ನ ಮಗ ಬರಲ್ಲ ಅಂತಾನೆ, ಏನು ಮಾಡಲಿ ಅಂತ. ಎಳೆದುಕೊಂಡು ಬರಬೇಡಿ ಅಮ್ಮ, ಅವನು ಕೂತಲ್ಲೇ ವಾಪಸ್ ಹೋಗುವ ಲೆಕ್ಕ ಹಾಕುತ್ತಿರುತ್ತಾನೆ. ಓಪನ್ ಮೀಟಿಂಗಿಗೆ ನೀವೇ ಬನ್ನಿ. ಕದ್ದು ಬರಬೇಡಿ, ಅವನಿಗೆ ಹೇಳಿಯೇ ಬನ್ನಿ. ಮನೆಗೆ ಹೋಗಿ ಅಲ್ಲಿ ಏನು ಕೇಳಿದಿರೋ ಅದನ್ನೂ ಅವನಿಗೆ ಹೇಳಬೇಡಿ. ಎರಡು ವಾರ ಆದ ಮೇಲೆ ಅವನೇ ಕೇಳಬಹುದು. ಕೇಳದಿದ್ದರೂ ನಿಮಗೆ ಒಂದು ಗಂಟೆ ಉಸಿರಾಡಲು ಜಾಗ ಸಿಕ್ಕಿರುತ್ತದೆ.

ಹಿಂದೆ ಕಂಬದ ಹತ್ತಿರ ನಿಂತಿರುವವರು ಸ್ನೇಹಿತನಿಗೋಸ್ಕರ ಕೇಳುತ್ತಿದ್ದೇನೆ ಅಂದರು, ಮೀಟಿಂಗ್ ಎಷ್ಟು ಹೊತ್ತಿಗೆ ಅಂತ. ನಿಮ್ಮ ಸ್ನೇಹಿತರಿಗೆ ಹೇಳಿ. ಮಂಗಳವಾರ, ಏಳು ಗಂಟೆಗೆ. ನಾನು ಆರೂಮುಕ್ಕಾಲಿಗೇ ಟೀ ಅಂಗಡಿ ಹತ್ತಿರ ಇರುತ್ತೇನೆ. ಫ್ಲಾಸ್ಕು ಹಿಡಿಯಲು ಇನ್ನೊಂದು ಕೈ ಬೇಕು.